ಪೂರ್ವೋಕ್ತ ಎಂಬ ಪುಸ್ತಕ

ಗುರುಕೃಪೆ ಯಾವ ಬಾಗಿಲಿನಿಂದ ಒಳಗೆ ಬರುತ್ತದೆಂದು ಮೊದಲೇ ಹೇಳಲಾಗದು. ಕಲ್ಮೇಶನ ಪಾಲಿಗೆ ಅದು ಒಂದು ಪುಸ್ತಕಪಟ್ಟಿಯ ಇಪ್ಪತ್ತೊಂದನೆಯ ಸಾಲಿನಿಂದ ಬಂತು.

ಹೊಳೆಯ ಈಚೆ ದಂಡೆಗೆ ಆಶ್ರಮ. ಆಚೆ ದಂಡೆಗೆ ಪಟ್ಟಣ, ಪಟ್ಟಣದಲ್ಲಿ ಕಾಲೇಜು. ನಡುವೆ ಜಟ್ಟೆಪ್ಪನ ದೋಣಿ.

ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಕಲ್ಮೇಶ ಅವರ ಶಿಷ್ಯ. ಆಶ್ರಮದಲ್ಲಿ ಉಂಡು ಮಲಗಿ, ದಿನವೂ ಹೊಳೆ ದಾಟಿ ಹೋಗಿ ಎಂ.ಎ. ಓದುತ್ತಿದ್ದ.

ಆ ವರ್ಷ ಅವನು ಒಂದು ಸಂಶೋಧನಾ ಪ್ರಬಂಧ ಒಪ್ಪಿಸಬೇಕಾಗಿತ್ತು. ಸೋಮವಾರ ಸಂಜೆ ಐದಕ್ಕೆ ಗಡುವು. ಅದು ತಪ್ಪಿದರೆ ಪದವಿ ಇಲ್ಲ, ಇನ್ನೊಂದು ವರ್ಷ ಕಾಯಬೇಕು.

ಪ್ರಬಂಧವೇನೋ ಬರೆದಾಗಿತ್ತು. ಹೊಳೆಸಾಲಿನ ಅಂಬಿಗರ ನಡೆನುಡಿ ಅದರ ವಿಷಯ. ಅವನನ್ನು ಕಾಡುತ್ತಿದ್ದದ್ದು ಕೊನೆಯ ಎರಡು ಹಾಳೆ.

ಬರವಣಿಗೆಗೆ ನೆರವಾದ ಪುಸ್ತಕಗಳನ್ನೆಲ್ಲ ಅಲ್ಲಿ ಅಕಾರಾದಿಯಾಗಿ ಜೋಡಿಸಬೇಕು. ಬರೆದವರ ಹೆಸರು, ಪುಸ್ತಕದ ಹೆಸರು, ಪ್ರಕಾಶಕರು, ಊರು, ಇಸವಿ. ನಡುನಡುವೆ ಅಲ್ಪವಿರಾಮ, ಕೊನೆಗೆ ಪೂರ್ಣವಿರಾಮ. ತಲೆಬರಹ ‘ಗ್ರಂಥಋಣ’.

ಮಾರ್ಗದರ್ಶಕಿ ಇಂದುಮತಿ ಮೇಡಂ ಅದನ್ನು ಎರಡು ಸಲ ಹಿಂದಿರುಗಿಸಿದ್ದರು.

ಮೊದಲ ಸಲ ಅವನು ಹದಿನೇಳು ಪುಸ್ತಕ ಬರೆದಿದ್ದ. ಹಿರಿಯರ ಹೆಸರನ್ನು ಬೋಳಾಗಿ ಬರೆಯಲು ಕೈ ಬಾರದೆ ಪ್ರತಿಯೊಬ್ಬರಿಗೂ ‘ಶ್ರೀ’ ಹಚ್ಚಿದ್ದ. ಅಕಾರಾದಿಯಲ್ಲಿ ಹದಿನೇಳು ಮಂದಿಯೂ ಶಕಾರದ ಕೆಳಗೇ ಬಂದು ಕುಳಿತರು.

ಮೇಡಂ ನಗಲಿಲ್ಲ. ಶ್ರೀ ತೆಗೆ ಎಂದರು, ಮನೆತನದ ಹೆಸರು ಮೊದಲು ಬರಬೇಕು ಎಂದರು.

ಎರಡನೆಯ ಸಲ ಅವನು ಎಲ್ಲ ಹೆಸರನ್ನೂ ತಿರುವಿ ಹಾಕಿದ. ಮನೆತನದ ಹೆಸರೇ ಇಲ್ಲದವರನ್ನೂ ಬಿಡಲಿಲ್ಲ. ಬಸಮ್ಮ ತಾಯಿಯವರು ‘ತಾಯಿ, ಬಸಮ್ಮ’ ಆದರು. ಸ್ವಾಮಿಗಳೆಲ್ಲ ಸಕಾರದಲ್ಲಿ ಸಾಲಾಗಿ ನಿಂತರು. ಮೇಡಂ ಕಣ್ಣು ಅವರ ಮೇಲೆ ಬಿದ್ದದ್ದೇ ತಡ, ಇದು ಪುಸ್ತಕಗಳ ಪಟ್ಟಿಯೋ ಮಠದ ಊಟದ ಪಂಕ್ತಿಯೋ ಎಂದು ಕೇಳಿ, ಉಳಿದದ್ದನ್ನು ಓದದೆ ಮಡಚಿ ಕೊಟ್ಟರು.

ಎರಡೂ ಸಲ ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಅದು ಹನ್ನೊಂದನೆಯ ಪುಟದ ಮಾತು.

ಆ ಪುಟದಲ್ಲಿ ಕಲ್ಮೇಶನ ಹೆಮ್ಮೆ ಇತ್ತು. ಮಳೆಗಾಲದ ಪ್ರವಾಹ ಇಳಿದ ಮೇಲೆ ಅಂಬಿಗರು ಮೊದಲ ಸಲ ದೋಣಿ ಬಿಡುವಾಗ ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ. ಬರಿದೋಣಿಯನ್ನು ಆಚೆ ದಂಡೆ ಮುಟ್ಟಿಸಿ ಈಚೆಗೆ ತರುತ್ತಾರೆ. ಸೆಳವು ನೋಡಲು ಹಾಗೆ ಮಾಡುತ್ತಾರೆಂದು ಎಲ್ಲರ ನಂಬಿಕೆ. ಜಟ್ಟೆಪ್ಪ ಕಲ್ಮೇಶನಿಗೆ ಬೇರೆಯೇ ಹೇಳಿದ್ದ. ಆ ದೋಣಿ ಬರಿದಲ್ಲ, ತನ್ನ ಕೈಗೆ ಹುಟ್ಟು ಕೊಟ್ಟು ಕಲಿಸಿದವರು ಅದರಲ್ಲಿ ಕುಳಿತಿರುತ್ತಾರೆ, ಅವರ ಹೆಸರು ಹಿಡಿದು ಕರೆದೇ ತಾನು ದೋಣಿ ನೂಕುವುದು, ಎಂದು.

ಕೇಳಿ ಕಲ್ಮೇಶನ ಮೈ ಝುಮ್ಮೆಂದಿತ್ತು. ಅದನ್ನು ಬರೆದು ಕೆಳಗೊಂದು ಸಾಲು ಸೇರಿಸಿದ್ದ. ‘ಈ ಸಂಗತಿಯನ್ನು ಇದುವರೆಗೆ ಯಾವ ವಿದ್ವಾಂಸರೂ ಗುರುತಿಸಿಲ್ಲ.’

ಮೇಡಂ ಆ ಸಾಲಿನ ಕೆಳಗೆ ಎರಡು ಸಲವೂ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದರು. ಒಬ್ಬ ಅಂಬಿಗನ ಮಾತು ಸಾಲದು, ಇನ್ನೊಂದು ಆಧಾರ ಬೇಕು, ಇಲ್ಲದಿದ್ದರೆ ಈ ಭಾಗವನ್ನು ಒಪ್ಪಲಾಗದು, ಎಂದಿದ್ದರು. ಆ ಭಾಗ ಹೋದರೆ ಪ್ರಬಂಧದಲ್ಲಿ ಉಳಿಯುವುದು ಸಿಪ್ಪೆ.

ಆಧಾರ ಬೇಕೆಂದರೆ ಪುಸ್ತಕಗಳು ಹೆಚ್ಚಬೇಕೆಂದು ಕಲ್ಮೇಶ ತಿಳಿದ. ಗ್ರಂಥಾಲಯದಲ್ಲಿ ಯಾರೋ ಬರೆದ ಹಳೆಯ ಮಹಾಪ್ರಬಂಧವೊಂದಿತ್ತು. ಅದರ ಅಡಿಟಿಪ್ಪಣಿಗಳಿಂದ ಇಪ್ಪತ್ತಮೂರು ಹೆಸರುಗಳನ್ನು ಇಳಿಸಿಕೊಂಡ. ಎರಡನೆಯ ಸಲ ಒಯ್ಯುವಾಗಲೇ ಪಟ್ಟಿ ಹದಿನೇಳರಿಂದ ನಲವತ್ತಕ್ಕೆ ಏರಿತ್ತು.

ಈಗ ಮೂರನೆಯ ಸಲ ತಿದ್ದಿ ಬರೆದು, ಶನಿವಾರ ಬೆಳಗಿನ ಪೂಜೆ ಮುಗಿಯುವುದನ್ನೇ ಕಾದು, ಹಾಳೆಗಳನ್ನು ಅಜ್ಜಾರ ಮುಂದೆ ಇಟ್ಟ. ಏನನ್ನು ಒಪ್ಪಿಸುವ ಮೊದಲೂ ಅವರ ಕೈ ಮುಟ್ಟಿಸುವುದು ಆಶ್ರಮದ ಮಕ್ಕಳ ರೂಢಿ.

ಅಜ್ಜಾರು ಕೈ ಇಡಲಿಲ್ಲ. ಹಾಳೆಗಳನ್ನು ಎತ್ತಿಕೊಂಡು, ಕೊನೆಯಿಂದ ತೆರೆದು, ಬೆರಳಿಟ್ಟು ಒಂದೊಂದೇ ಸಾಲು ಓದತೊಡಗಿದರು.

ಬೆರಳು ಇಪ್ಪತ್ತೊಂದನೆಯ ಸಾಲಿಗೆ ಬಂದು ನಿಂತಿತು. ಅಲ್ಲಿ ಹೀಗೆ ಬರೆದಿತ್ತು: ‘ಬನ್ನಿಕೊಪ್ಪ ವೀ. ಗು., ಪೂರ್ವೋಕ್ತ.’ ಪ್ರಕಾಶಕರಿಲ್ಲ, ಊರಿಲ್ಲ, ಇಸವಿಯಿಲ್ಲ.

“ಈ ಪೂರ್ವೋಕ್ತ ಅನ್ನೂದು ಎಂಥಾ ಪುಸ್ತಕ, ತಮ್ಮಾ?”

“ಚಲೋ ಪುಸ್ತಕರೀ ಅಜ್ಜಾರ.”

“ಓದೀಯೇನು?”

ಕಲ್ಮೇಶ ಹಾಳೆಯ ಕಡೆ ಕಣ್ಣು ತಿರುಗಿಸಿದ.

“ಓದೇನ್ರಿ.”

“ಏನೈತಿ ಅದರಾಗ?”

“ಹೊಳೀ ಬಗ್ಗೆ ಐತ್ರಿ.” ಸಾಲದೆಂದು ಮತ್ತೂ ಸೇರಿಸಿದ. “ಭಾಳ ಐತ್ರಿ.”

ಅಜ್ಜಾರು ಹಾಳೆಗಳನ್ನು ಓರಣವಾಗಿ ಜೋಡಿಸಿ ಅವನ ಕೈಗೇ ಕೊಟ್ಟರು. ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ.

“ಹೊಳೀ ದಂಡೀಮ್ಯಾಲ ಕುಂತು ಇಷ್ಟ ವರ್ಷ ಆತು, ಆ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ ನೋಡು. ತಂದುಕೊಡು. ಓದಿ ಆಮ್ಯಾಲ ಕೈ ಇಡತೀನಿ.”

*

ಕಲ್ಮೇಶ ಆಗಲೇ ಹೊಳೆ ದಾಟಿದ.

ಕಾಲೇಜಿನ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದವರು ಖಾಜೇಸಾಬರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಪೂರ್ವೋಕ್ತ ಎಂಬ ಪುಸ್ತಕ ಬೇಕೆಂದು ಕಲ್ಮೇಶ ಕೇಳಿದಾಗ ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಪಕಾರದ ಕಾರ್ಡುಗಳಿರುವ ಡ್ರಾಯರು ತೋರಿಸಿದರು.

ಅವನು ಅರ್ಧ ಗಂಟೆ ಹುಡುಕಿದ. ಪೂರ್ಣಿಮೆ ಸಿಕ್ಕಿತು, ಪೂರ್ವಪಕ್ಷ ಸಿಕ್ಕಿತು. ಪೂರ್ವೋಕ್ತ ಸಿಗಲಿಲ್ಲ.

ಖಾಜೇಸಾಬರು ಚಹಾ ಮುಗಿಸಿ ಎದ್ದು ಬಂದರು. ಆ ಹೆಸರು ಎಲ್ಲಿ ಕಂಡೆ ಎಂದು ಕೇಳಿದರು. ಕಲ್ಮೇಶ ಹಳೆಯ ಮಹಾಪ್ರಬಂಧವನ್ನು ತಂದು ಅಡಿಟಿಪ್ಪಣಿ ತೋರಿಸಿದ. ‘ಬನ್ನಿಕೊಪ್ಪ ವೀ. ಗು., ಪೂರ್ವೋಕ್ತ, ಪು. ೪೨.’

ಆಗ ಅವರು ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

“ಪೂರ್ವೋಕ್ತ ಅಂದ್ರ ಮ್ಯಾಲ ಹೇಳಿದ್ದು ಅಂತ, ಮಾರಾಯಾ. ಪುಸ್ತಕದ ಹೆಸರು ಒಮ್ಮೆ ಬರದಾಗೇತಿ, ಮತ್ತ ಮತ್ತ ಯಾಕ ಬರೀಲಿ ಅಂತ ಹಂಗ ಹಾಕತಾರ. ಅದನ್ನ ಪುಸ್ತಕ ಅಂತ ಕೇಳಿದವರಾಗ ನೀನು ಎರಡನೇದಾಂವ. ಮೊದಲನೇದಾಂವ ಈಗ ಎಲ್ಲೋ ಪ್ರಾಚಾರ್ಯ ಆಗ್ಯಾನಂತ. ನಿನಗೂ ಭವಿಷ್ಯ ಐತಿ.”

ಕಲ್ಮೇಶನ ಕಿವಿ ಬಿಸಿಯಾದವು. ಹೊಳೆಯ ಬಗ್ಗೆ ಭಾಳ ಐತಿ ಎಂದು ಗುರುವಿನ ಮುಂದೆ ತಾನು ಹೊಗಳಿ ಬಂದ ಪುಸ್ತಕವೇ ಇಲ್ಲ.

ಆದರೆ ಖಾಜೇಸಾಬರು ಒಳ್ಳೆಯವರು. ನಗುವಷ್ಟು ನಕ್ಕು, ಮಹಾಪ್ರಬಂಧವನ್ನು ಎಳೆದುಕೊಂಡು, ಹಿಂದಕ್ಕೆ ಹಿಂದಕ್ಕೆ ಪುಟ ತಿರುವುತ್ತ ಹೋದರು. ಒಂಬತ್ತು ಪುಟ ಹಿಂದೆ ನಿಜವಾದ ಹೆಸರು ಸಿಕ್ಕಿತು. ‘ನದೀತೀರದ ರೂಢಿಗಳು.’

ಹೊರಗಿನ ಕಪಾಟುಗಳಲ್ಲಿ ಅದು ಇರಲಿಲ್ಲ. ಹಳೆಯ ಪುಸ್ತಕ ತುಂಬಿದ ಕೋಣೆಯಲ್ಲಿ ಕೆಳಗಿನ ಸಾಲಿನಿಂದ ಎಳೆದು ತೆಗೆದರು. ರಟ್ಟಿನ ಬೆನ್ನು ಬಿರುಕು ಬಿಟ್ಟಿತ್ತು. ಅರವತ್ತು ವರ್ಷಗಳ ಹಿಂದೆ ಒಬ್ಬ ಶಾಲಾ ಮಾಸ್ತರು ಬರೆದದ್ದು. ಕೊನೆಯ ರಟ್ಟಿಗೆ ಅಂಟಿಸಿದ ಚೀಟಿಯ ಕಡೆಯ ತಾರೀಖು ಕಲ್ಮೇಶ ಹುಟ್ಟುವ ಮೊದಲಿನದು.

ಅವನು ಕಿಟಕಿಯ ಬಳಿ ಕುಳಿತು ನಲವತ್ತೆರಡನೆಯ ಪುಟ ತೆರೆದ.

ಮೂರು ಸಾಲು ಓದಿ, ಮತ್ತೆ ಮೊದಲಿನಿಂದ ಓದಿದ.

ಮಾಸ್ತರರು ಬರೆದದ್ದು ಬರಿದೋಣಿಯನ್ನೇ. ಊರು ಮಾತ್ರ ಬೇರೆ, ಹೊಳೆಯಗುಂಟ ಎಂಟು ಹರದಾರಿ ಕೆಳಗಿನದು. ಅಲ್ಲಿಯ ಅಂಬಿಗರು ಪ್ರವಾಹ ಇಳಿದ ಮೇಲೆ ಮೊದಲ ದೋಣಿಯನ್ನು ಯಾರನ್ನೂ ಹತ್ತಿಸಿಕೊಳ್ಳದೆ ಬಿಡುತ್ತಾರೆಂದೂ, ಕಲಿಸಿದ ಹಿರಿಯರು ಅದರಲ್ಲಿ ಕುಳಿತಿರುತ್ತಾರೆಂದು ನಂಬುತ್ತಾರೆಂದೂ, ಹೆಸರು ಕರೆಯುವಾಗ ತಲೆಯ ರುಮಾಲು ತೆಗೆಯುತ್ತಾರೆಂದೂ ಅಲ್ಲಿ ಇತ್ತು.

ಇದುವರೆಗೆ ಯಾವ ವಿದ್ವಾಂಸರೂ ಗುರುತಿಸಿಲ್ಲ ಎಂದು ತಾನು ಬರೆದದ್ದು, ತಾನು ಹುಟ್ಟುವ ಎಷ್ಟೋ ಮೊದಲು ಅಚ್ಚಾಗಿ ಈ ಕೋಣೆಯಲ್ಲಿ ಬಿದ್ದಿತ್ತು.

ಅವನು ಪುಸ್ತಕ ಮುಚ್ಚಿದ. ಸುತ್ತ ನೋಡಿದ. ಖಾಜೇಸಾಬರು ಯಾರಿಗೋ ಕಾರ್ಡು ಬರೆಯುತ್ತಿದ್ದರು.

ಮನಸ್ಸು ಒಂದು ದಾರಿ ತೋರಿಸಿತು. ಇದನ್ನು ಎತ್ತಿಕೊಂಡು ಹೋಗಿ ಅದೇ ಕೆಳಗಿನ ಸಾಲಿಗೆ ಸೇರಿಸಿಬಿಡುವುದು. ಪಟ್ಟಿಯಿಂದ ಇಪ್ಪತ್ತೊಂದನೆಯ ಸಾಲು ಹೊಡೆದು ಹಾಕುವುದು. ಇಷ್ಟು ವರ್ಷ ಯಾರೂ ಕೇಳದ ಪುಸ್ತಕವನ್ನು ಇನ್ನು ಯಾರು ಕೇಳಿಯಾರು?

ಕೇಳಿದವರು ಒಬ್ಬರಿದ್ದರು.

ದೇವರು ದೊಡ್ಡವನು. ಕಲ್ಮೇಶ ಪುಸ್ತಕವನ್ನು ತನ್ನ ಹೆಸರಿಗೆ ಬರೆಸಿಕೊಂಡು ದೋಣಿಗೆ ಬಂದ. ಮುಖ ಯಾಕೆ ಸಣ್ಣದಾಗಿದೆ ಎಂದು ಜಟ್ಟೆಪ್ಪ ಕೇಳಿದ್ದಕ್ಕೆ, ಉಂಡಿಲ್ಲ ಎಂದಷ್ಟೇ ಹೇಳಿದ. ಅದು ನಿಜವೂ ಆಗಿತ್ತು.

*

ಅಜ್ಜಾರು ಸ್ನಾನಘಟ್ಟದ ಮೆಟ್ಟಿಲ ಮೇಲೆ ಕುಳಿತಿದ್ದರು. ಬಿಸಿಲು ಇನ್ನೂ ಇತ್ತು.

ಕಲ್ಮೇಶ ಪುಸ್ತಕವನ್ನು ಅವರ ಪಕ್ಕದಲ್ಲಿಟ್ಟು, ಒಂದು ಮೆಟ್ಟಿಲು ಕೆಳಗೆ ಕುಳಿತ. ನಡೆದದ್ದನ್ನೆಲ್ಲ ಹೇಳಿದ. ಪೂರ್ವೋಕ್ತವೆಂಬ ಪುಸ್ತಕವಿಲ್ಲ ಎಂದ. ಇದ್ದಿದ್ದರೂ ತಾನು ಓದಿರಲಿಲ್ಲ ಎಂದ.

“ನಿಮ್ಮ ಮುಂದ ಸುಳ್ಳಾಡಿದೆ ಅಜ್ಜಾರ.”

ಅಜ್ಜಾರು ಹೊಳೆ ನೋಡುತ್ತಿದ್ದರು.

“ಖಾಜೇಸಾಬರು ಹೇಳೂತನಕ ಪೂರ್ವೋಕ್ತ ಅಂದ್ರ ಏನಂತನೂ ಗೊತ್ತಿರಲಿಲ್ರಿ. ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿಲ್ದೇನಪಾ, ಮೊದಲಿನವರು ಹೇಳಿದ್ದು. ನಾ ಓದಿದ್ದು ಅದೊಂದ ಪುಸ್ತಕ. ಇಷ್ಟು ವರ್ಷ ನಿಮಗೆಲ್ಲಾ ಹೇಳಿಕೋತ ಬಂದದ್ದೂ ಅದರಾಗಿಂದನ.”

ಹೇಳಿ, ಪಟ್ಟಿ ತೆಗೆ ಎಂದು ಸನ್ನೆ ಮಾಡಿದರು. ಒಂದೊಂದಾಗಿ ಓದಲು ಹೇಳಿದರು.

ಕಲ್ಮೇಶ ಮೊದಲನೆಯ ಹೆಸರು ಓದಿದ. ಅವರಿಂದ ನಿನಗೇನು ಸಿಕ್ಕಿತು ಎಂದು ಅಜ್ಜಾರು ಕೇಳಿದರು. ದೋಣಿಗೆ ಯಾವ ಮರ ಒಳ್ಳೆಯದೆಂಬುದು ಸಿಕ್ಕಿತು ಎಂದ. ಅಜ್ಜಾರು ಎರಡೂ ಕೈ ಎತ್ತಿ, ಆ ಲೇಖಕರು ಎದುರಿಗೇ ಬಂದು ನಿಂತಿದ್ದಾರೋ ಎಂಬಂತೆ ನಮಸ್ಕಾರ ಮಾಡಿದರು.

ಎರಡನೆಯ ಹೆಸರು. ಅಂಬಿಗರ ಮದುವೆಯ ಹಾಡೊಂದು ಸಿಕ್ಕಿತ್ತು. ಅಜ್ಜಾರು ಕೈ ಮುಗಿದರು.

ಮೂರನೆಯದು. ಕಲ್ಮೇಶ ಹೆಸರು ಓದಿ ಸುಮ್ಮನಾದ. ಅದು ಅಡಿಟಿಪ್ಪಣಿಯಿಂದ ಇಳಿಸಿಕೊಂಡದ್ದು. ಅಜ್ಜಾರ ಕೈ ತೊಡೆಯ ಮೇಲೇ ಉಳಿಯಿತು.

“ಇವರಿಗೂ ಮುಗೀರಿ ಅಜ್ಜಾರ, ಭಾಳ ದೊಡ್ಡವರಂತ.”

“ಇರಬೇಕು. ನೀ ಕಂಡಿಲ್ಲ. ನಾ ಯಾವ ದಿಕ್ಕಿಗೆ ಮುಗೀಲಿ?”

ಕಲ್ಮೇಶ ಜೇಬಿನಿಂದ ಪೆನ್ನು ತೆಗೆದು ಆ ಸಾಲು ಹೊಡೆದ.

ಹಾಗೆಯೇ ಮುಂದುವರಿಯಿತು. ಕೈ ಏಳುವುದು, ಏಳದಿರುವುದು. ಏಳದಿದ್ದಾಗ ಪೆನ್ನು ಓಡುವುದು. ಅಜ್ಜಾರು ಒಮ್ಮೆಯೂ ಗದರಲಿಲ್ಲ, ಒಮ್ಮೆಯೂ ಎಣಿಸಲಿಲ್ಲ. ಬಸಮ್ಮ ತಾಯಿಯವರ ಹೆಸರು ಬಂದಾಗ ಕಲ್ಮೇಶ ತಾನಾಗಿಯೇ ಅವರ ಪುಸ್ತಕದ ಎರಡು ಪುಟದಷ್ಟು ವಿಷಯವನ್ನು ಉತ್ಸಾಹದಿಂದ ಹೇಳಿಬಿಟ್ಟ. ಅಜ್ಜಾರು ಕೇಳಿ ಸಂತೋಷಪಟ್ಟರು.

ಮುಗಿದಾಗ ಹದಿನೇಳು ಉಳಿದಿದ್ದವು. ಹಾಳೆಯ ತುಂಬ ಗೀರು. ಆಶ್ಚರ್ಯವೆಂದರೆ ಕಲ್ಮೇಶನಿಗೆ ಹಸಿವಾಗುತ್ತಿತ್ತು. ಎರಡು ವಾರದಿಂದ ಅವನಿಗೆ ಹಸಿವು ಸರಿಯಾಗಿ ಆಗಿರಲಿಲ್ಲ.

ಆದರೆ ಹನ್ನೊಂದನೆಯ ಪುಟ ಹಾಗೆಯೇ ಇತ್ತು. ಅವನು ನಲವತ್ತೆರಡನೆಯ ಪುಟವನ್ನು ತೆರೆದು ಅಜ್ಜಾರಿಗೆ ಓದಿ ಹೇಳಿದ.

“ನಾ ಕಂಡದ್ದು ಅಂತ ಇದ್ದದ್ದು ಇದೊಂದ ಮಾತ್ರೀ. ಇದನ್ನೂ ಮೊದಲ ಹೇಳ್ಯಾರ. ಇನ್ನ ನಂದು ಅಂತ ಏನೂ ಉಳೀಲಿಲ್ಲ.”

ಅಜ್ಜಾರು ಪುಸ್ತಕ ತೆಗೆದುಕೊಂಡು ಆ ಪುಟವನ್ನು ತಾವೇ ಒಮ್ಮೆ ಓದಿದರು. ನಿಧಾನವಾಗಿ, ಬೆರಳಿಟ್ಟು. ಓದಿ ಅವರ ಮುಖ ಅರಳಿತು.

“ಹಂಗಾರ ಜಟ್ಟೆಪ್ಪ ಖರೇನ ಹೇಳ್ಯಾನ.”

ಕಲ್ಮೇಶ ಬಗ್ಗಿ ಆ ಸಾಲುಗಳನ್ನು ಮತ್ತೊಮ್ಮೆ ನೋಡಿದ.

ಒಬ್ಬನ ಮಾತು ಸಾಲದು ಎಂದಿದ್ದರು ಮೇಡಂ. ಎರಡು ಸಲ ಗೆರೆ ಎಳೆದು ಹೇಳಿದ್ದರು. ಅವನು ಇಪ್ಪತ್ತಮೂರು ಹೆಸರು ಕದ್ದು ತಂದು ಹುಡುಕಿದ್ದ ಇನ್ನೊಂದು ಆಧಾರ ಅಜ್ಜಾರ ತೊಡೆಯ ಮೇಲೆ ತೆರೆದುಕೊಂಡಿತ್ತು. ಎಂಟು ಹರದಾರಿ ಆಚೆಯ ಊರು, ಅರವತ್ತು ವರ್ಷ ಹಿಂದಿನ ಮಾಸ್ತರರು, ಜಟ್ಟೆಪ್ಪನ ಗುರುತು ಪರಿಚಯವಿಲ್ಲದ ಅಂಬಿಗರು. ಅವರೂ ಅದನ್ನೇ ಹೇಳಿದ್ದರು.

ಕಲ್ಮೇಶ ಎದ್ದು, ಏಕೆ ಎದ್ದೆನೆಂದು ತಿಳಿಯದೆ ಮತ್ತೆ ಕುಳಿತ. ಕಣ್ಣಲ್ಲಿ ನೀರು ಬಂದಿತ್ತು. ಅವನಿಗೆ ನಗುವೂ ಬರುತ್ತಿತ್ತು.

ನನ್ನ ಮಾತು ಬೇರೆ ಯಾರೂ ಹೇಳಿಲ್ಲ ಎಂದು ಹೆದರಿ ಹೆದರಿ ಇಷ್ಟು ದಿನ ಅದನ್ನು ಒಬ್ಬನೇ ಕಾಯುತ್ತಿದ್ದೆನಲ್ಲ ಎಂದ.

ಅಜ್ಜಾರು ಬನ್ನಿಕೊಪ್ಪ ಮಾಸ್ತರರ ಪುಸ್ತಕವನ್ನು ಮುಚ್ಚಿ, ಬಿರುಕು ಬಿಟ್ಟ ಆ ರಟ್ಟಿಗೆ ಕೈ ಮುಗಿದರು.

*

ಭಾನುವಾರ ಇಡೀ ದಿನ ಅವರಿಬ್ಬರೂ ಆ ಪುಸ್ತಕ ಓದಿದರು. ಒಂದು ಅಧ್ಯಾಯ ಶಿಷ್ಯ ಓದಿದರೆ ಇನ್ನೊಂದು ಗುರು. ಅಜ್ಜಾರಿಗೆ ಅದು ಎಷ್ಟು ಹಿಡಿಸಿತೆಂದರೆ ಮಧ್ಯಾಹ್ನದ ಗಂಟೆ ಬಾರಿಸಿದ್ದು ಅವರಿಗೆ ಕೇಳಿಸಲೇ ಇಲ್ಲ.

ಓದಿ ಮುಗಿದ ಮೇಲೆ ಕಲ್ಮೇಶ ಹೊಸ ಹಾಳೆ ತೆಗೆದು ಪಟ್ಟಿ ಬರೆದ. ಬಕಾರದಲ್ಲಿ ಬನ್ನಿಕೊಪ್ಪ ಮಾಸ್ತರರು, ಈ ಸಲ ಪುಸ್ತಕದ ನಿಜವಾದ ಹೆಸರು, ಊರು, ಇಸವಿಗಳ ಸಮೇತ. ಬಸಮ್ಮ ತಾಯಿ ಬಸಮ್ಮ ತಾಯಿಯಾಗಿಯೇ ನಿಂತರು. ಸ್ವಾಮಿಗಳು ಪಂಕ್ತಿಯಿಂದ ಎದ್ದು ತಮ್ಮ ತಮ್ಮ ಅಕ್ಷರಕ್ಕೆ ಹೋದರು.

ಹದಿನೆಂಟಾಯಿತು. ಪೆನ್ನಿನ ಮುಚ್ಚಳ ಹಾಕಿದವನು ಮತ್ತೆ ತೆಗೆದ. ಜಟ್ಟೆಪ್ಪನನ್ನು ಎಲ್ಲಿ ಕೂರಿಸುವುದು? ಅವನು ಬರೆದ ಪುಸ್ತಕವಿಲ್ಲ, ಪ್ರಕಾಶಕರಿಲ್ಲ.

ಹದಿನೆಂಟರ ಕೆಳಗೆ ಸ್ವಲ್ಪ ಜಾಗ ಬಿಟ್ಟು, ‘ಬಾಯಿಮಾತಿನಲ್ಲಿ ಹೇಳಿದವರು’ ಎಂದು ಬರೆದು, ದೋಣಿಯ ಬಳಿಗೆ ಹೋದ. ಪೂರ್ತಿ ಹೆಸರು, ವಯಸ್ಸು ಬೇಕೆಂದ.

ಜಟ್ಟೆಪ್ಪನಿಗೆ ಅನುಮಾನ ಬಂತು. ಪೊಲೀಸರು ಬರುತ್ತಾರೇನು ಎಂದ. ಇದು ಪುಸ್ತಕಗಳ ಸಾಲು, ನಿನಗೆ ಕೊನೆಗೆ ಒಂದು ಜಾಗವಿದೆ ಎಂದು ಕಲ್ಮೇಶ ತಿಳಿಸಿ ಹೇಳಿದ. ಓದು ಬಾರದವನನ್ನು ಪುಸ್ತಕದ ಸಾಲಿನಲ್ಲಿ ಕೂರಿಸಿದರೆ ಪುಸ್ತಕಗಳು ಎದ್ದು ಹೋಗುತ್ತಾವು ನೋಡು ಎಂದು ಜಟ್ಟೆಪ್ಪ ನಕ್ಕ. ಆಮೇಲೆ ನಗು ನಿಲ್ಲಿಸಿದ.

“ಬರಿಯೂದಿದ್ರ ನನ್ನ ಹೆಸರೊಂದ ಬರೀಬ್ಯಾಡ. ನನಗ ಹೇಳಿದಾಕಿ ನಮ್ಮ ದೊಡ್ಡವ್ವ, ಕಾಶವ್ವ. ಹುಟ್ಟು ಹಿಡಿಯೂದು ಕಲಿಸಿದಾಕಿನೂ ಆಕಿನ.”

ಹೆಂಗಸೊಬ್ಬಳು ದೋಣಿ ನಡೆಸಿದ್ದಳೆಂಬುದು ಕಲ್ಮೇಶನಿಗೆ ಹೊಸದು. ಇಷ್ಟು ದಿನ ಹೇಳಲಿಲ್ಲವಲ್ಲ ಎಂದ. ನೀನು ನನ್ನ ಪೂರ್ತಿ ಹೆಸರು ಕೇಳಿದ್ದೇ ಇವತ್ತು ಎಂದ ಜಟ್ಟೆಪ್ಪ.

ಹತ್ತೊಂಬತ್ತನೆಯ ಸಾಲು ಹೀಗಾಯಿತು: ‘ಅಂಬಿಗರ ಜಟ್ಟೆಪ್ಪ, ವಯಸ್ಸು ಎಪ್ಪತ್ತೊಂದು, ದೊಡ್ಡವ್ವ ಕಾಶವ್ವನಿಂದ ಕೇಳಿ ತಿಳಿದದ್ದು.’

ಹನ್ನೊಂದನೆಯ ಪುಟದ ಹೆಮ್ಮೆಯ ಸಾಲನ್ನು ಅವನು ಹೊಡೆದುಹಾಕಿದ. ಅಲ್ಲಿ ಬರೆದ: ‘ಈ ಸಂಗತಿಯನ್ನು ಬನ್ನಿಕೊಪ್ಪ ವೀ. ಗು. ಅವರು ಅರವತ್ತು ವರ್ಷಗಳ ಹಿಂದೆಯೇ ಬೇರೆ ಊರಿನಲ್ಲಿ ಕಂಡು ದಾಖಲಿಸಿದ್ದಾರೆ. ಅದು ಇಂದಿಗೂ ಉಳಿದು ನಡೆದಿದೆಯೆಂಬುದಕ್ಕೆ ಜಟ್ಟೆಪ್ಪನವರ ಮಾತು ಸಾಕ್ಷಿ.’

ಸೋಮವಾರ ಬೆಳಗ್ಗೆ ಅಜ್ಜಾರು ಹಾಳೆಗಳ ಮೇಲೆ ಕೈಯಿಟ್ಟರು.

*

ಇಂದುಮತಿ ಮೇಡಂ ಮೊದಲು ಪಟ್ಟಿಯನ್ನೇ ತೆರೆದರು. ನಲವತ್ತಿದ್ದದ್ದು ಹತ್ತೊಂಬತ್ತು ಹೇಗಾಯಿತೆಂದು ಕೇಳಿದರು.

ಉಳಿದವನ್ನು ತಾನು ನೋಡಿರಲಿಲ್ಲ ಎಂದ ಕಲ್ಮೇಶ. ಅಷ್ಟು ಹೇಳಲು ಅವನಿಗೆ ಕಷ್ಟವಾಗಲಿಲ್ಲ.

ಮೇಡಂ ಅವನ ಮುಖವನ್ನು ಒಮ್ಮೆ ನೋಡಿ, ಹನ್ನೊಂದನೆಯ ಪುಟಕ್ಕೆ ಹೋದರು.

ಓದಿದರು. ಇನ್ನೊಮ್ಮೆ ಓದಿದರು. ಬನ್ನಿಕೊಪ್ಪ ಮಾಸ್ತರರ ಪುಸ್ತಕ ಕೈಯಲ್ಲಿದೆಯೇ ಎಂದು ಕೇಳಿ, ತೆಗೆದುಕೊಂಡು, ನಲವತ್ತೆರಡನೆಯ ಪುಟವನ್ನು ಪಕ್ಕದಲ್ಲಿಟ್ಟು ಹೋಲಿಸಿದರು.

“ಎರಡು ಸಲ ಗೆರಿ ಎಳದಿದ್ದು ಇದಕ್ಕ ನೋಡು. ನನಗೂ ಈ ಪುಸ್ತಕ ಗೊತ್ತಿರಲಿಲ್ಲ, ಕಲ್ಮೇಶ.”

ಪಟ್ಟಿಯ ಹದಿಮೂರನೆಯ ಸಾಲಿನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಮೇಡಂ ಅದನ್ನು ತಾವೇ ಹಾಕಿದರು. ಆಮೇಲೆ ಮೊದಲ ಹಾಳೆಗೆ ಬಂದು ರುಜು ಮಾಡಿದರು.

ಗಂಟೆ ಇನ್ನೂ ಹನ್ನೆರಡಷ್ಟೇ ಆಗಿತ್ತು.

ಕಲ್ಮೇಶ ಕಚೇರಿಯಲ್ಲಿ ಪ್ರಬಂಧ ಒಪ್ಪಿಸಿ, ರಸೀದಿ ಪಡೆದು, ಖಾಜೇಸಾಬರಿಗೆ ಸುದ್ದಿ ಹೇಳಿ ಹೊರಬಿದ್ದ. ಹೊಳೆಯ ತನಕ ಅವನು ನಡೆದನೋ ಓಡಿದನೋ ಅವನಿಗೇ ತಿಳಿಯದು. ದೋಣಿಯಲ್ಲಿ ಕುಳಿತವರೆಲ್ಲ ಅವನನ್ನೇ ನೋಡುತ್ತಿದ್ದರು, ಅಷ್ಟು ನಗುತ್ತಿದ್ದ.

ಅಜ್ಜಾರು ಹೂವಿನ ಗಿಡಗಳಿಗೆ ನೀರು ಹಾಕುತ್ತಿದ್ದರು. ಅವನು ಪಾದ ಮುಟ್ಟಿ, ಆಯಿತು ಎಂದ. ಅಷ್ಟೇ ಹೇಳಲು ಸಾಧ್ಯವಾಯಿತು. ಅಜ್ಜಾರು ತಂಬಿಗೆ ಕೆಳಗಿಟ್ಟು ಅವನ ತಲೆಯ ಮೇಲೆ ಕೈಯಿಟ್ಟು, ಶಿವ ಶಿವ ಎಂದರು.

ಉಸಿರು ನೆಲೆಗೆ ಬಂದ ಮೇಲೆ ಕಲ್ಮೇಶ ತಂಬಿಗೆ ಎತ್ತಿಕೊಂಡ. ಎರಡು ಗಿಡಕ್ಕೆ ನೀರು ಹಾಕಿ, ಮೂರನೆಯದರ ಬಳಿ ನಿಂತ.

“ಅಜ್ಜಾರ, ಒಂದ ಕೇಳ್ಲೇನ್ರಿ? ಹೋದ ಸಲ ನಲವತ್ತು ಪುಸ್ತಕದ ಪಟ್ಟಿ ಹಿಡಕೊಂಡು ಮೇಡಂ ಮುಂದ ನಿಂತಾಗ ನನ್ನ ಕೈ ನಡಗತಿದ್ವು. ಇವತ್ತ ಅದರ ಅರ್ಧಾನೂ ಇರಲಿಲ್ಲ. ಆದ್ರೂ ನಡಗಲಿಲ್ಲ. ಯಾಕ್ರಿ?”

ಅಜ್ಜಾರು ಒಣಗಿದ ಎಲೆಯೊಂದನ್ನು ಕಿತ್ತು ಬದಿಗೆ ಹಾಕಿದರು.

“ಇವತ್ತ ಅವರೆಲ್ಲಾರೂ ನಿನ್ನ ಜೋಡಿ ಬಂದಿದ್ರು. ಅವತ್ತ ನೀ ಒಬ್ಬನ ಹೋಗಿದ್ದಿ, ತಮ್ಮಾ.”